ಟ್ರೇನ್ ಹಿಡಿಯೋಕೆ ಹದಿನಾಲ್ಕು ಕಿಲೋಮೀಟರ್ ಸೈಕಲ್

“ಸಾಫ್ಟ್‌ವೇರ್ ಕೆಲಸ ಅಂತೀಯ, ಇನ್ನೂ ಸೈಕಲ್ ತುಳೀತೀಯಲ್ಲೋ!”

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ, ನಮ್ಮ ಬೀದಿಯ ಯಾವ ಮನೆ ಮುಂದೆ ನಿಂತರೂ ನನಗೆ ಸಿಗೋ ಮಾತು ಇದು. ಮೊದಮೊದಲು ಉತ್ತರ ಕೊಡ್ತಿದ್ದೆ. ಈಗ ನಕ್ಕು ಮುಂದೆ ಹೋಗ್ತೀನಿ. ಯಾಕಂದ್ರೆ ಉತ್ತರ ಸ್ವಲ್ಪ ಉದ್ದ ಇದೆ.

ನನ್ನ ಆಫೀಸ್ ಇರೋದು ಬೆಂಗಳೂರಿನ ವೈಟ್‌ಫೀಲ್ಡ್ ಕಡೆ. ಮಂಗಳವಾರ, ಬುಧವಾರ, ಗುರುವಾರ ಹೋಗಲೇಬೇಕು. ಉಳಿದ ಎರಡು ದಿನ ಮನೆಯಿಂದಲೇ ಕೆಲಸ. ಮೂರು ದಿನಕ್ಕೋಸ್ಕರ ಬೆಂಗಳೂರಲ್ಲಿ ಬಾಡಿಗೆ ಮನೆ ಯಾಕೆ ಅಂತ ಊರಲ್ಲೇ ಉಳಿದೆ. ಕೆಜಿಎಫ್‌ನಿಂದ ಬೆಂಗಳೂರಿಗೆ ನೇರ ಟ್ರೇನ್ ಇಲ್ಲ ಅಂತಲ್ಲ. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್, ಬೆಮಲ್ ನಗರ ಅಂತ ನಮ್ಮ ಪುಟ್ಟ ಊರಿಗೆ ಐದು ಸ್ಟೇಷನ್ ಇವೆ. ಆದರೆ ಈ ಲೈನಲ್ಲಿ ಓಡೋ ಟ್ರೇನ್‌ಗಳು ಬೆರಳೆಣಿಕೆಯಷ್ಟು. ಸಂಜೆ ಒಂದು ಮೀಟಿಂಗ್ ಹತ್ತು ನಿಮಿಷ ಜಾಸ್ತಿ ಆದರೂ ಮನೆ ಸೇರೋ ಟ್ರೇನ್ ಕೈತಪ್ಪುತ್ತೆ. ಬಂಗಾರಪೇಟೆ ಹಾಗಲ್ಲ. ಚೆನ್ನೈ ಮೇನ್ ಲೈನಿನ ಜಂಕ್ಷನ್. ಒಂದು ಹೋದರೆ ಇನ್ನೊಂದು. ಅಲ್ಲಿಂದ ಒಂದು ಗಂಟೆ ಆಸುಪಾಸಿನಲ್ಲಿ ವೈಟ್‌ಫೀಲ್ಡ್, ಸ್ಟೇಷನ್ ಪಕ್ಕದಲ್ಲೇ ಮೆಟ್ರೋ.

ಬಂಗಾರಪೇಟೆಗೆ ನಮ್ಮ ಮನೆಯಿಂದ ಸುಮಾರು ಹದಿನಾಲ್ಕು ಕಿಲೋಮೀಟರ್. ಮನೆಯಲ್ಲಿರೋ ಒಂದೇ ಸ್ಕೂಟರ್ ಅಪ್ಪನಿಗೆ ಬೇಕು. ಎರಡು ವರ್ಷದ ಹಿಂದೆ ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ನನ್ನ ಶುಗರ್ ಗಡಿ ಮೇಲೆ ನಿಂತಿತ್ತು. ಇಪ್ಪತ್ತೆಂಟು ವರ್ಷಕ್ಕೇ! ರಿಪೋರ್ಟ್ ನೋಡಿದ ಡಾಕ್ಟರ್ ಮಾತ್ರೆ ಬರೀಲಿಲ್ಲ, “ಮೈ ಬಗ್ಗಿಸಿ” ಅಂದರು. ಹಾಗಾಗಿ ಒಂದು ಗೇರ್ ಸೈಕಲ್ ತಗೊಂಡೆ. ಎಂಟನೇ ಕ್ಲಾಸಲ್ಲಿದ್ದಾಗ ಸರ್ಕಾರ ಕೊಟ್ಟ ಸೈಕಲ್ ಬಿಟ್ಟರೆ ನನ್ನ ಹೆಸರಲ್ಲಿ ಬಂದ ಎರಡನೇ ಸೈಕಲ್ ಇದು.

ಬೆಳಗಿನ ಐದೂಕಾಲು

ಐದೂಕಾಲಿಗೆ ಮನೆ ಬಿಡ್ತೀನಿ. ಆ ಹೊತ್ತಲ್ಲಿ ಕೆಜಿಎಫ್ ನೋಡೋಕೆ ಚೆಂದ. ಚಿನ್ನದ ಗಣಿ ಇದ್ದ ಊರು ಅಂತ ಸಿನಿಮಾ ಬಂದ ಮೇಲೆ ಎಲ್ಲರಿಗೂ ಗೊತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಕಾಲಿಟ್ಟಿತು. ಅವರು ಕಟ್ಟಿದ ಬಂಗಲೆಗಳು, ಕ್ಲಬ್ಬು ಇನ್ನೂ ಇವೆ. ಅಗೆದು ಅಗೆದು ಗಣಿ ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಇಳಿಯಿತು. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ಆಗ ನಾನು ಇನ್ನೂ ಸ್ಕೂಲಿಗೆ ಸೇರಿದ ಹೊಸದು. ಉಳಿದಿದ್ದು ತುಕ್ಕು ಹಿಡಿದ ಶಾಫ್ಟ್‌ಗಳು ಮತ್ತು ಚಿನ್ನ ತೆಗೆದು ಉಳಿದ ಪುಡಿಮಣ್ಣು ಸುರಿದು ಸುರಿದು ಬೆಳೆದ ಗುಡ್ಡಗಳು. ನಾವು ಅದನ್ನ ಸೈನೈಡ್ ಗುಡ್ಡ ಅಂತೀವಿ.

ಕೋರಮಂಡಲ್ ದಾಟಿ ಬೆಮಲ್ ನಗರದವರೆಗೂ ಊರಿನ ಬೆಳಕು ಇರುತ್ತೆ. ಟೀ ಅಂಗಡಿಯವರು ಸ್ಟವ್ ಹಚ್ಚಿರ್ತಾರೆ, ಪೇಪರ್ ಹಾಕೋ ಹುಡುಗರು ಎದುರಾಗ್ತಾರೆ. ಆಮೇಲೆ ನೀಲಗಿರಿ ತೋಪು, ಬಂಡೆ, ಹೊಲ. ಬೀದಿದೀಪ ಇಲ್ಲದ ಕಡೆ ನನ್ನ ಸೈಕಲ್ಲಿನ ಲೈಟ್ ಬಿಟ್ಟರೆ ಬೇರೆ ಬೆಳಕಿಲ್ಲ. 1902ರಲ್ಲೇ, ಬೆಂಗಳೂರಿಗಿಂತ ಮೊದಲೇ, ಶಿವನಸಮುದ್ರದಿಂದ ಕರೆಂಟ್ ಬಂದ ಊರು ನಮ್ಮದು ಅಂತ ಸ್ಕೂಲಲ್ಲಿ ಹೆಮ್ಮೆಯಿಂದ ಓದಿದ್ದೆ. ಕತ್ತಲಲ್ಲಿ ಪೆಡಲ್ ತುಳಿಯುವಾಗ ಅದು ನೆನಪಾಗಿ ನಗು ಬರುತ್ತೆ.

ಋತುಮಾನಕ್ಕೊಂದು ಕಂಟಕ

ಸೈಕಲ್ ಸವಾರನಿಗೆ ಕ್ಯಾಲೆಂಡರ್ ಬೇಡ. ಯಾವ ತಿಂಗಳು ಅಂತ ರಸ್ತೆಯೇ ಹೇಳುತ್ತೆ.

ಆಷಾಢದಲ್ಲಿ ಗಾಳಿ. ಸೈನೈಡ್ ಗುಡ್ಡದ ಸಣ್ಣ ಪುಡಿ ಎದ್ದು ಮುಖಕ್ಕೆ ಹೊಡೆಯುತ್ತೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇಲ್ಲದೆ ಹೊರಡೋ ಹಾಗಿಲ್ಲ. ಎದುರುಗಾಳಿ ಇದ್ದ ದಿನ ನಲವತ್ತೈದು ನಿಮಿಷದ ದಾರಿ ಒಂದು ಗಂಟೆ ಆಗುತ್ತೆ. ಟ್ರೇನ್ ಕಾಯಲ್ಲ.

ಅಕ್ಟೋಬರ್, ನವೆಂಬರ್‌ನಲ್ಲಿ ಮಳೆ. ನೀರು ನಿಂತ ಕಡೆ ಗುಂಡಿ ಎಷ್ಟು ಆಳ ಅಂತ ಗೊತ್ತಾಗಲ್ಲ. ಅದಕ್ಕಿಂತ ಅಪಾಯ ಟಾರಿನ ಅಂಚು. ಟಾರ್ ಮುಗಿಯೋ ಕಡೆ ಮಣ್ಣು ಕೊಚ್ಚಿಹೋಗಿ ಒಂದು ಗೇಣು ಇಳಿಜಾರಾಗಿರುತ್ತೆ. ಹಿಂದೆ ಲಾರಿ ಹಾರ್ನ್ ಹೊಡೆದಾಗ ಗಾಬರಿಯಿಂದ ಎಡಕ್ಕೆ ಇಳಿಸಿದರೆ ಮುಂದಿನ ಚಕ್ರ ಕೆಳಗೆ, ನಾವು ಮೇಲೆ. ಇಳಿಸಲೇಬೇಕಾದರೆ ವೇಗ ಕಡಿಮೆ ಮಾಡಿ, ಹ್ಯಾಂಡಲ್ ನೇರ ಹಿಡಿದು ಇಳಿಸಬೇಕು. ವಾಪಸ್ ಹತ್ತುವಾಗ ಓರೆಯಾಗಿ ಹತ್ತಬಾರದು, ಅಂಚಿಗೆ ಟೈರ್ ಸವರಿ ಬೀಳಿಸುತ್ತೆ. ನಿಂತು, ಇಳಿದು, ಎತ್ತಿಟ್ಟು ಹೋಗೋದೇ ವಾಸಿ.

ಡಿಸೆಂಬರ್ ಬಂತು ಅಂದ್ರೆ ರಾಗಿ. ನಮ್ಮ ಕಡೆ ರಾಗಿ ತೆನೆ, ಹುರುಳಿ ಗಿಡ ತಂದು ರಸ್ತೆ ಮೇಲೆ ಹರಡ್ತಾರೆ. ಬಸ್ಸು, ಲಾರಿ ಓಡಾಡಿ ಒಕ್ಕಣೆ ಆಗುತ್ತೆ. ಕಣ ಮಾಡೋಕೆ ಜಾಗ ಇಲ್ಲ, ಆಳು ಸಿಗಲ್ಲ, ರೈತರನ್ನ ಬೈಯೋಕೆ ನನಗೆ ಮನಸ್ಸು ಬರಲ್ಲ. ಆದರೆ ಒಣಗಿದ ಹುಲ್ಲಿನ ಮೇಲೆ ಸೈಕಲ್ ಬ್ರೇಕ್ ಹಿಡಿದರೆ ಸೋಪಿನ ಮೇಲೆ ಹೋದಹಾಗೆ ಜಾರುತ್ತೆ. ಹುರುಳಿ ಬಳ್ಳಿ ಚೈನಿಗೆ ಸುತ್ತಿಕೊಂಡರೆ ಬಿಡಿಸೋಕೆ ಹತ್ತು ನಿಮಿಷ. ಅಲ್ಲಿ ಪೆಡಲ್ ನಿಲ್ಲಿಸಿ, ಬ್ರೇಕ್ ಮುಟ್ಟದೆ, ನೇರ ದಾಟಬೇಕು.

ವರ್ಷವಿಡೀ ಇರೋದು ಜಾಲಿ ಮುಳ್ಳು, ಬಣ್ಣ ಬಳಿಯದ ಹಂಪು ಮತ್ತು ನಾಯಿ. ನಾಯಿ ವಿಷಯದಲ್ಲಿ ನಾನು ಕಲಿತಿದ್ದು ಇಷ್ಟು: ಓಡಿದರೆ ಅದೂ ಓಡುತ್ತೆ. ಸೈಕಲ್ ಇಳಿದು, ಅದನ್ನ ನಡುವೆ ಇಟ್ಟುಕೊಂಡು ನಡೆದರೆ ಅದಕ್ಕೆ ಆಟ ಬೇಜಾರಾಗುತ್ತೆ. ಬೆಮಲ್ ನಗರದ ಹತ್ತಿರ ಎರಡು ನಾಯಿಗಳಿಗೆ ಈಗ ನನ್ನ ಬೆಲ್ಲಿನ ಗುರುತು ಸಿಕ್ಕಿದೆ. ಬೊಗಳಿ ಡ್ಯೂಟಿ ಮುಗಿಸಿ ಮಲಗ್ತವೆ.

ನಮ್ಮ ಮೇಸ್ತ್ರಿ

ಬಂಗಾರಪೇಟೆ ಸ್ಟೇಷನ್ ಹತ್ತಿರ ಸೈಕಲ್ ನಿಲ್ಲಿಸೋ ಸ್ಟ್ಯಾಂಡಲ್ಲಿ ಗೇರ್ ಸೈಕಲ್ ನನ್ನದೊಂದೇ. ಉಳಿದವೆಲ್ಲ ಕಪ್ಪು ಬಣ್ಣದ ಹಳೇ ಸೈಕಲ್‌ಗಳು. ಕ್ಯಾರಿಯರ್‌ನಲ್ಲಿ ಟಿಫಿನ್ ಚೀಲ, ಹ್ಯಾಂಡಲ್‌ಗೆ ನೀರಿನ ಬಾಟಲ್. ಗಾರೆ ಕೆಲಸದವರು, ಪೇಂಟರ್‌ಗಳು, ಸೆಕ್ಯೂರಿಟಿ ಗಾರ್ಡ್‌ಗಳು. ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಜನ ಹೀಗೆ ದಿನಾ ಬೆಂಗಳೂರಿಗೆ ಹೋಗಿ ಬಂದು ಸಂಸಾರ ಸಾಕಿದ್ದಾರೆ.

ಅವರಲ್ಲಿ ಒಬ್ಬರು ಮೇಸ್ತ್ರಿ. ನಮ್ಮ ಬೋಗಿಯಲ್ಲಿ ಎಲ್ಲರೂ ಅವರನ್ನ ಹಾಗೇ ಕರೆಯೋದು. ಮನೆಮಾತು ತಮಿಳು, ಆದ್ದರಿಂದ ನಾನು “ತಂಬಿ”. ಗಣಿ ಮುಚ್ಚಿದಾಗ ಅವರಿಗೆ ಮೂವತ್ತು ದಾಟಿತ್ತಂತೆ. ನೆಲದ ಕೆಳಗೆ ಕೆಲಸ ಮಾಡ್ತಿದ್ದವರು ನೆಲದ ಮೇಲೆ ಅಪಾರ್ಟ್‌ಮೆಂಟ್ ಕಟ್ಟೋಕೆ ಶುರು ಮಾಡಿದರು. ನನ್ನ ಹೆಲ್ಮೆಟ್, ಮುಂದಿನ ಬಿಳಿ ಲೈಟ್, ಹಿಂದೆ ಮಿಣುಕೋ ಕೆಂಪು ಲೈಟ್ ನೋಡಿ ಮೊದಲ ದಿನವೇ ಕೇಳಿದ್ದರು: “ಏನ್ ತಂಬಿ, ಸೈಕಲ್ಲಾ, ಆ್ಯಂಬುಲೆನ್ಸಾ?”

“ನೀವೂ ಒಂದು ಹಾಕಿಸಿಕೊಳ್ಳಿ ಮೇಸ್ತ್ರಿ” ಅಂದಿದ್ದೆ.

“ಸ್ಟ್ಯಾಂಡಲ್ಲಿ ಬಿಟ್ಟರೆ ಸಂಜೆಗೆ ಇರಲ್ಲ. ಬಿಚ್ಚಿ ಜೇಬಲ್ಲಿಟ್ಕೊಂಡು ಸೈಟಲ್ಲಿ ಸಿಮೆಂಟ್ ಕಲಸಲಾ? ದಿನಾ ಚಾರ್ಜ್ ಯಾರು ಹಾಕ್ತಾರೆ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಲೈಟ್ ಬಿಚ್ಚಿ ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕ್ತೀನಿ, ಆಫೀಸಲ್ಲಿ ಚಾರ್ಜ್‌ಗೆ ಇಡ್ತೀನಿ. ಅದು ಎಲ್ಲರಿಗೂ ಆಗೋ ಮಾತಲ್ಲ ಅಂತ ಅದುವರೆಗೂ ಯೋಚಿಸಿರಲಿಲ್ಲ.

ಆ ಮಂಗಳವಾರ

ಡಿಸೆಂಬರ್‌ನ ಒಂದು ಮಂಗಳವಾರ. ಸಂಜೆ ಟ್ರೇನ್ ಇಳಿದಾಗ ಏಳೂವರೆ ದಾಟಿತ್ತು. ಮೇಸ್ತ್ರಿ ಸೈಕಲ್ ಹತ್ತಿ ಹೊರಟರು. ನಾನು ಹೊಟ್ಟೆ ಹಸಿವು ತಡೀಲಾರದೆ ಪಾನಿಪೂರಿ ತಿನ್ನೋಕೆ ನಿಂತೆ. ಬಂಗಾರಪೇಟೆ ಪಾನಿಪೂರಿ ಗೊತ್ತಲ್ಲ, ಪಾನಿ ನೋಡೋಕೆ ಬರೀ ನೀರಿನ ಥರ ತಿಳಿ, ಬಾಯಿಗಿಟ್ಟರೆ ಕಿವಿಯಲ್ಲಿ ಹೊಗೆ. ತಿಂದು ಸ್ಟ್ಯಾಂಡಿಗೆ ಬಂದರೆ ಹಿಂದಿನ ಚಕ್ರ ಪಂಕ್ಚರ್. ಇದ್ದ ಒಂದು ಸ್ಪೇರ್ ಟ್ಯೂಬ್ ಹಿಂದಿನ ವಾರವೇ ಖರ್ಚಾಗಿತ್ತು.

ಅಷ್ಟರಲ್ಲಿ ನಮ್ಮೂರಿನ ಗೆಳೆಯನೊಬ್ಬ ಕಾರಲ್ಲಿ ಸಿಕ್ಕ. “ಹಾಕೋ ಹಿಂದೆ” ಅಂದ. ಡಿಕ್ಕಿಯಲ್ಲಿ ಸೈಕಲ್ ಅರ್ಧ ಹಿಡೀತು, ಹಿಂದಿನ ಚಕ್ರ ಹೊರಗೆ. ಡಿಕ್ಕಿ ಬಾಗಿಲನ್ನ ಹಗ್ಗದಿಂದ ಕಟ್ಟಿದೆವು. ಹಿಂದಿನಿಂದ ಬರೋರಿಗೆ ಕಾಣಲಿ ಅಂತ ನನ್ನ ಕೆಂಪು ಲೈಟ್ ಆನ್ ಮಾಡಿದೆ.

ಅರ್ಧ ದಾರಿಯಲ್ಲಿ ಎದುರಿಗೆ ಒಂದು ಲಾರಿ, ಹೈಬೀಮ್ ಹಾಕಿಕೊಂಡು. ವಿಂಡ್‌ಶೀಲ್ಡ್ ಪೂರ್ತಿ ಬಿಳಿ. ನಮ್ಮ ಕಾರು ಅರವತ್ತರಲ್ಲಿತ್ತು. ಲಾರಿ ಪಕ್ಕಕ್ಕೆ ಸರಿದ ಆ ಕ್ಷಣ ಬಾನೆಟ್ಟಿನ ಮುಂದೆ ಎರಡು ಕಾಲು ಕಾಣಿಸಿದವು. ಪೆಡಲ್ ಮೇಲೆ ಏರಿಳಿಯೋ ಕಾಲು. ಗೆಳೆಯ ಸ್ಟೀರಿಂಗ್ ಬಲಕ್ಕೆ ಎಳೆದ. ಕಾರು ತಾಗಲಿಲ್ಲ. ಆದರೆ ಆ ಸೈಕಲ್ ಟಾರಿನಿಂದ ಕೆಳಗಿಳಿದು ಮಗುಚಿತು.

ಐವತ್ತು ಮೀಟರ್ ಮುಂದೆ ಕಾರು ನಿಂತಿತು. ತಿರುಗಿ ನೋಡಿದೆ. ನಮ್ಮ ಬ್ರೇಕ್ ಲೈಟಿನ ಮಬ್ಬು ಕೆಂಪಿನಲ್ಲಿ ಒಬ್ಬರು ಎದ್ದರು, ಸೈಕಲ್ ಎತ್ತಿದರು.

“ಎದ್ದ ಬಿಡು, ಏನೂ ಆಗಿಲ್ಲ. ಇಳಿದರೆ ಜನ ಸೇರ್ತಾರೆ, ಸುಮ್ನೆ ತಲೆನೋವು” ಅಂದ ಗೆಳೆಯ. ನನ್ನ ಕೈ ಬಾಗಿಲಿನ ಹಿಡಿ ಮೇಲಿತ್ತು. ತೆಗೀಲಿಲ್ಲ. ಕಾರು ಹೊರಟಿತು.

ಯಾರು ಅಂತ ಗೊತ್ತಾಗಲಿಲ್ಲ ಅಂತ ಆ ರಾತ್ರಿ ನನಗೆ ನಾನೇ ಹೇಳಿಕೊಂಡೆ. ಆದರೆ ಕ್ಯಾರಿಯರ್‌ಗೆ ಕಟ್ಟಿದ್ದ ಟಿಫಿನ್ ಚೀಲ ನನಗೆ ಗೊತ್ತಿತ್ತು.

ಬುಧವಾರ ಮೇಸ್ತ್ರಿ ಟ್ರೇನಲ್ಲಿ ಇರಲಿಲ್ಲ. ಗುರುವಾರವೂ ಇಲ್ಲ. ಯಾರನ್ನೂ ಕೇಳೋ ಧೈರ್ಯ ಬರಲಿಲ್ಲ. ಮನೆಯಲ್ಲಿ ಕೂತು ಕೋಡ್ ಬರೆಯೋ ಶುಕ್ರವಾರ, ಸೋಮವಾರ ಹೇಗೆ ಕಳೆದೆನೋ. ಅಮ್ಮ ಎರಡು ಸಲ “ಹುಷಾರಿಲ್ವೇನೋ?” ಅಂತ ಕೇಳಿದರು.

ಮುಂದಿನ ಮಂಗಳವಾರ ಬಂದರು. ಬಲ ಮೊಣಕೈಗೆ ಬ್ಯಾಂಡೇಜ್. ಬೋಗಿಯಲ್ಲಿದ್ದವರೆಲ್ಲ ವಿಚಾರಿಸಿದರು. “ಕಾರೊಂದು ಬಂತು, ಬಿದ್ದೆ. ಮೂಳೆ ಏನೂ ಆಗಿಲ್ಲ. ಐದು ದಿನದ ಕೂಲಿ ಹೋಯ್ತು ಅಷ್ಟೇ” ಅಂದರು. ಮಾಲೂರು ದಾಟೋವರೆಗೂ ಸುಮ್ಮನಿದ್ದೆ. ಆಮೇಲೆ ಪಕ್ಕಕ್ಕೆ ಹೋಗಿ ಕೂತು ಹೇಳಿದೆ.

“ಮೇಸ್ತ್ರಿ, ಆ ಕಾರಲ್ಲಿ ನಾನಿದ್ದೆ.”

“ಗೊತ್ತು ತಂಬಿ” ಅಂದರು. “ಡಿಕ್ಕಿಯಲ್ಲಿ ಸೈಕಲ್ ಚಕ್ರ ನೇತಾಡ್ತಿತ್ತು. ಕೆಂಪು ಲೈಟ್ ಮಿಣುಕ್ತಿತ್ತು. ಆ ಲೈಟು ನಮ್ಮ ಸ್ಟ್ಯಾಂಡಲ್ಲಿ ಇನ್ಯಾರಿಗಿದೆ?”

ನನಗೆ ಮಾತು ಹೊರಡಲಿಲ್ಲ. ಅವರೇ ಮುಂದುವರಿಸಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ.

“ಇಳಿದು ಬರ್ತೀಯ ಅಂತ ನೋಡ್ತಿದ್ದೆ. ಬಂದಿದ್ರೆ ಚೆನ್ನಾಗಿತ್ತು. ಚೈನ್ ಕಳಚಿತ್ತು. ಕೈ ಬೇರೆ ಎತ್ತೋಕಾಗ್ತಿರಲಿಲ್ಲ. ಆ ಕತ್ತಲಲ್ಲಿ ತಡಕಾಡಿ ಹಾಕ್ಕೊಳ್ಳೋಕೆ ಅರ್ಧ ಗಂಟೆ ಆಯ್ತು.”

ಐದು ದಿನದ ಕೂಲಿ ಕೊಡ್ತೀನಿ ಅಂದೆ. ಬೇಡ ಅನ್ನಲಿಲ್ಲ. “ಕಾರು ಓಡಿಸಿದವನ ಹತ್ರ ಅರ್ಧ ಇಸ್ಕೊ” ಅಂದರು. ಇಸ್ಕೊಂಡೆ. ಗೆಳೆಯ ಮೊದಲು ಮುಖ ಸಿಂಡರಿಸಿದ, ಆಮೇಲೆ ತಾನೇ ಅವರ ಮನೆಗೆ ಹೋಗಿ ಕೊಟ್ಟು ಬಂದ.

ಕಂಬ ಎಣಿಸಿದ ಭಾನುವಾರ

ಇಂಜಿನಿಯರ್ ಬುದ್ಧಿ ಎಲ್ಲಿಗೆ ಹೋಗುತ್ತೆ, ಲೆಕ್ಕ ಹಾಕಿದೆ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಕಣ್ಣಿಗೆ ಕಂಡು, ಕಾಲು ಬ್ರೇಕ್ ಒತ್ತೋಕೆ ಒಂದೂವರೆ ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 25 ಮೀಟರ್ ಹೋಗಿರುತ್ತೆ. ಬ್ರೇಕ್ ಹಿಡಿದ ಮೇಲೆ ಒಳ್ಳೇ ರಸ್ತೆಯಲ್ಲಿ ನಿಲ್ಲೋಕೆ ಇನ್ನೊಂದು 20 ಮೀಟರ್. ಒಟ್ಟು 45. 80ರ ವೇಗದಲ್ಲಿ ಇದೇ ಲೆಕ್ಕ 70 ಮೀಟರ್ ಹತ್ತಿರ ಹೋಗುತ್ತೆ. ಅಂದರೆ ಅಷ್ಟು ದೂರದಿಂದಲೇ ನಾವು ಕಾಣಬೇಕು. ಕಾಣದಿದ್ದರೆ ಡ್ರೈವರ್ ಎಷ್ಟೇ ಒಳ್ಳೆಯವನಾದರೂ ಏನೂ ಮಾಡೋಕಾಗಲ್ಲ.

ಒಂದು ಭಾನುವಾರ ರಾತ್ರಿ ಮೂವರೂ ಸೇರಿ ಪರೀಕ್ಷೆ ಮಾಡಿದೆವು. ಓಡಾಟ ಇಲ್ಲದ ಒಂದು ಒಳರಸ್ತೆಯಲ್ಲಿ ಮೇಸ್ತ್ರಿ ಸೈಕಲ್ ಹಿಡಿದು ಬದಿಗೆ ನಿಂತರು. ಗೆಳೆಯ ಲೋಬೀಮ್‌ನಲ್ಲಿ ಕಾರು ನಿಧಾನಕ್ಕೆ ತಂದ. ನಾನು ಪಕ್ಕದಲ್ಲಿ ಕೂತು ಕರೆಂಟ್ ಕಂಬ ಎಣಿಸಿದೆ. ಮಾಸಲು ಅಂಗಿ, ಕಪ್ಪು ಸೈಕಲ್: ಒಂದು ಕಂಬದ ದೂರಕ್ಕೆ ಬಂದರೂ ಸರಿಯಾಗಿ ಕಾಣಲಿಲ್ಲ.

ಆಮೇಲೆ ಲಾರಿಗಳಿಗೆ ಅಂಟಿಸ್ತಾರಲ್ಲ, ಆ ರೇಡಿಯಂ ಸ್ಟಿಕ್ಕರ್ ಅಂಟಿಸಿದೆವು. ಹಿಂದಿನ ಮಡ್‌ಗಾರ್ಡ್‌ಗೆ, ಕ್ಯಾರಿಯರ್‌ಗೆ ಕೆಂಪು. ಮುಂದೆ ಹ್ಯಾಂಡಲ್ ಕೆಳಗೆ ಬಿಳಿ. ಎರಡೂ ಪೆಡಲ್‌ಗೆ ಹಳದಿ. ಮತ್ತೆ ಕಾರು ಹಿಂದಕ್ಕೆ ಹೋಯಿತು. ಈ ಸಲ ಮೂರನೇ ಕಂಬದಿಂದಲೇ ಹೊಳೆಯಿತು. ಮೇಸ್ತ್ರಿ ಪೆಡಲ್ ತುಳಿದಾಗಂತೂ ಎರಡು ಹಳದಿ ಚುಕ್ಕಿ ಮೇಲೆ ಕೆಳಗೆ ಆಡಿದವು. ಬೇರೆ ಯಾವ ಗಾಡಿಯಲ್ಲೂ ಬೆಳಕು ಹಾಗೆ ಆಡಲ್ಲ. ನೋಡಿದ ತಕ್ಷಣ ಸೈಕಲ್ ಅಂತ ಗೊತ್ತಾಗುತ್ತೆ.

ಇದಕ್ಕೆ ಚಾರ್ಜ್ ಬೇಡ, ಬಿಚ್ಚಿಡೋದು ಬೇಡ, ಯಾರೂ ಕದಿಯಲ್ಲ. ಒಂದು ಸೈಕಲ್‌ಗೆ ನನ್ನ ಎರಡು ಪ್ಲೇಟ್ ಪಾನಿಪೂರಿಯ ಖರ್ಚೂ ಬೀಳಲಿಲ್ಲ.

ವಾಪಸ್ ಬರುವಾಗ ಮೇಸ್ತ್ರಿ ಒಂದು ಮಾತು ಹೇಳಿದರು. “ಗಣಿಯೊಳಗೆ ತಲೆ ಮೇಲೆ ಲೈಟ್ ಇಲ್ದೆ ಒಂದು ಹೆಜ್ಜೆ ಇಡ್ತಿರಲಿಲ್ಲ ತಂಬಿ. ಮೇಲೆ ಬಂದ ಮೇಲೆ ಲೈಟ್ ಯಾಕೆ ಅನ್ನಿಸಿಬಿಡ್ತು.”

ಸ್ಟ್ಯಾಂಡ್ ನೋಡಿಕೊಳ್ಳೋ ಅಣ್ಣನಿಗೆ ಹೇಳಿ, ಒಬ್ಬೊಬ್ಬರನ್ನೇ ಕೇಳಿ, ಇಲ್ಲಿಯವರೆಗೆ ಇಪ್ಪತ್ತಮೂರು ಸೈಕಲ್‌ಗೆ ಅಂಟಿಸಿದ್ದೀವಿ. ಇಬ್ಬರು ಬೇಡ ಅಂದರು, ಸೈಕಲ್ ಅಂದ ಕೆಡುತ್ತಂತೆ. ಸರಿ ಅಂದ್ವಿ.

ಕಾರಲ್ಲಿ ಕೂತವರಿಗೆ

ಇದನ್ನ ಓದ್ತಿರೋ ನಿಮ್ಮಲ್ಲಿ ಸೈಕಲ್ ತುಳಿಯೋರಿಗಿಂತ ಕಾರು, ಬೈಕು ಓಡಿಸೋರೇ ಜಾಸ್ತಿ ಅಂತ ಗೊತ್ತು. ನಾನೂ ಆಗಾಗ ಓಡಿಸ್ತೀನಿ. ಈಗ ನಮ್ಮ ಜಿಲ್ಲೆಯ ಮೂಲಕವೇ ಚೆನ್ನೈ ಎಕ್ಸ್‌ಪ್ರೆಸ್‌ವೇ ಹಾದುಹೋಗಿದೆ, ಅಲ್ಲಿ ಸೈಕಲ್‌ಗೆ ಜಾಗ ಇಲ್ಲ. ಅಲ್ಲಿಂದ ಇಳಿದು ಊರಿನ ರಸ್ತೆಗೆ ಬಂದಾಗ ಅದೇ ವೇಗ ಕಾಲಲ್ಲಿ ಉಳಿದಿರುತ್ತೆ. ಎದುರಿಗೆ ಗಾಡಿ ಬಂದರೆ ಹೈಬೀಮ್ ಇಳಿಸಿ. ನಿಮ್ಮ ಕಣ್ಣಿಗೆ ಬೆಳಕು ಹೊಡೆದರೆ ಆ ಬಿಳುಪಿನ ಹಿಂದೆ ಒಬ್ಬರು ಇರಬಹುದು ಅಂದುಕೊಂಡು ನಿಧಾನ ಮಾಡಿ.

ಮತ್ತೆ ಯಾರಾದರೂ ಬಿದ್ದರೆ ಇಳಿಯಿರಿ. ಗಾಯಗೊಂಡವರಿಗೆ ಚಿಕಿತ್ಸೆ ಸಿಗೋ ಹಾಗೆ ನೋಡಿಕೊಳ್ಳೋದು ಡ್ರೈವರ್‌ನ ಕರ್ತವ್ಯ ಅಂತ ಮೋಟಾರು ವಾಹನ ಕಾಯ್ದೆಯೇ ಹೇಳುತ್ತೆ. ಸಹಾಯಕ್ಕೆ ಅಂತ ನಿಂತ ದಾರಿಹೋಕರಿಗೆ ಕೇಸಿನ ಕಾಟ ಬರದ ಹಾಗೆ 2019ರ ತಿದ್ದುಪಡಿ ರಕ್ಷಣೆ ಕೊಟ್ಟಿದೆ. ಇದೆಲ್ಲ ನನಗೂ ಆಮೇಲೆ ಓದಿ ತಿಳಿದಿದ್ದು. ಆದರೆ ಆ ಮಂಗಳವಾರ ನಾನು ಬಾಗಿಲು ತೆಗೆಯದೆ ಇದ್ದಿದ್ದು ಕಾನೂನು ಗೊತ್ತಿಲ್ಲದೆ ಅಲ್ಲ.

“ಎದ್ದರಲ್ಲ” ಅಂತ ಸಮಾಧಾನ ಮಾಡಿಕೊಂಡು ಹೋಗಬೇಡಿ. ಎದ್ದವರಿಗೂ ಚೈನ್ ಹಾಕಿಕೊಳ್ಳೋಕೆ ಒಂದು ಬೆಳಕು ಬೇಕಾಗಿರುತ್ತೆ.